ಸಾಲ್ಟ್‌ಪಾಂಡಿಗೆ ತಡವಾಗಿ ಹೋದದ್ದು

ಟೊರಾಂಟೋ ಪಕ್ಕದ ಪಿಕರಿಂಗ್ ಬಿಟ್ಟ ದಿನ ಹೊರಗೆ ಮೈನಸ್ ಹದಿನೆಂಟು ಡಿಗ್ರಿ. ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬರುವ ತನಕ ನಮ್ಮ ಮನೆಯವರು ಸುಮ್ಮನೆ ಕೂಡಲಿಲ್ಲ. ಕೋಟು ಹಾಕಿಕೊಂಡು ಡ್ರೈವ್‌ವೇ ಮೇಲಿನ ಹಿಮ ಎತ್ತಿ ಹಾಕುತ್ತಿದ್ದರು. ಎರಡು ವಾರ ಮನೆಯಲ್ಲೇ ಇರುವುದಿಲ್ಲ, ಯಾರಿಗಾಗಿ ಈ ಸೇವೆ ಎಂದು ಬಾಗಿಲಲ್ಲಿ ನಿಂತು ಕೂಗಿದೆ. “ತಿರುಗಿ ಬರೂದ್ರಾಗ ಕಲ್ಲಾಗಿರ್ತದ. ನೀ ಜಾರಿ ಬಿದ್ದು ಟೊಂಕ ಮುರಕೊಂಡ್ರ ಅಡಿಗಿ ಮಾಡೂದು ನನ್ನ ಕೊರಳಿಗೆ ಬೀಳ್ತದ,” ಎಂದರು. ಎಪ್ಪತ್ತಾರು ವರ್ಷದ ಮನುಷ್ಯ, ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡವರು. ಹೇಳಿದರೆ ಕೇಳುವ ಪೈಕಿ ಅಲ್ಲ.

ಚಳಿಗಾಲದಲ್ಲಿ ನಮ್ಮ ಪರಿಚಯದ ನಿವೃತ್ತರೆಲ್ಲ ಕ್ಯೂಬಾಕ್ಕೋ ಮೆಕ್ಸಿಕೋಕ್ಕೋ ಫ್ಲಾರಿಡಾಕ್ಕೋ ಹೋಗುತ್ತಾರೆ. ನಾವು ಘಾನಾಕ್ಕೆ ಹೊರಟಿದ್ದೇವೆ ಎಂದಾಗ ಕನ್ನಡ ಬಳಗದಲ್ಲಿ ಒಂದು ವಾರ ಅದೇ ಮಾತು. ಬಳಗದವರೇ ಆದ ಮೈಸೂರು ಕಡೆಯ ವತ್ಸಲಾ ಫೋನು ಮಾಡಿ, “ಏನ್ರೀ ಸುಧಾ, ಸಫಾರೀಗಾ? ಸಿಂಹ ಎಲ್ಲಾ ನೋಡ್ತೀರಾ?” ಎಂದರು. ಸಫಾರಿಗೆ ಜನ ಹೋಗುವುದು ಆಫ್ರಿಕಾದ ಆಚೆ ಬದಿಗೆ, ನಾವು ಹೋಗುವುದು ಈಚೆ ಬದಿಗೆ, ಅಲ್ಲಿ ಹಳೆಯ ಕೋಟೆಗಳಿವೆ, ಸಮುದ್ರವಿದೆ ಎಂದು ವಿವರಿಸಿದೆ. “ಅಯ್ಯೋ, ಕೋಟೆ ನೋಡಕ್ಕೆ ಅಷ್ಟು ದೂರ ಯಾಕ್ರೀ? ಚಿತ್ರದುರ್ಗ ಇಲ್ವಾ?” ಎಂದರು. ಅರೋರಾದಲ್ಲಿರುವ ಮಗಳು ನಂದಿನಿಯದೂ ಅದೇ ರಾಗ. “ಅಮ್ಮಾ, ವೈ ಘಾನಾ?” ಎಂದಳು. ನಿಮ್ಮಪ್ಪ ಅಲ್ಲಿ ಮೂರು ವರ್ಷ ಪಾಠ ಹೇಳಿದ್ದರಲ್ಲ, ಒಮ್ಮೆ ನೋಡಿ ಬರುವ ಆಸೆ ಎಂದೆ.

ಆ ಮಾತು ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ, ಕೆನಡಾಕ್ಕೆ ಬರುವ ಮೊದಲು, ಇವರು ಘಾನಾದ ಸಮುದ್ರ ದಂಡೆಯ ಸಾಲ್ಟ್‌ಪಾಂಡ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಆಗ ನಮ್ಮ ಕಡೆಯ ಎಷ್ಟೋ ಮಾಸ್ತರರು ಹಾಗೆ ಆಫ್ರಿಕಾಕ್ಕೆ ಹೋಗಿದ್ದರು. ನಂದಿನಿಗೆ ಅಷ್ಟೇ ಗೊತ್ತು. ಅವಳಿಗೆ ಗೊತ್ತಿಲ್ಲದ್ದು, ಬಳಗದ ಯಾರಿಗೂ ಗೊತ್ತಿಲ್ಲದ್ದು, ನಮ್ಮ ಮೊದಲ ಕೂಸು ಹುಟ್ಟಿದ್ದು ಸಾಲ್ಟ್‌ಪಾಂಡಿನಲ್ಲಿ. ಹೆಣ್ಣು. ಒಂಬತ್ತನೆಯ ದಿನ ಜ್ವರ ಬಂತು, ಕೂಸು ಹೋಯಿತು. ಅಷ್ಟು ಸಣ್ಣ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೆಂಗಸರು ಜೊತೆಗೆ ಹೋಗುವಂತಿಲ್ಲ, ಬಾಣಂತಿಯಂತೂ ಹೊಸ್ತಿಲು ದಾಟುವಂತಿಲ್ಲ. ಇವರು ಕೂಸನ್ನು ಎತ್ತಿಕೊಂಡು ಹೋದರು, ನಾನು ಒಳಗೆ ಕೂತಿದ್ದೆ. ಎಲ್ಲಿ ಇಟ್ಟು ಬಂದಿರಿ ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಹೆಸರಿಡದ ಕೂಸಿಗೆ ಅಳುತ್ತ ಕೂಡಬಾರದು, ಮುಂದಿನದನ್ನು ನೋಡಿಕೊಳ್ಳಿ ಎಂದು ಧಾರವಾಡದಿಂದ ಹಿರಿಯರು ಹೇಳಿ ಕಳಿಸಿದರು.

ಇದೆಲ್ಲ ನಲವತ್ತೈದು ವರ್ಷದ ಹಿಂದಿನ ಮಾತು. ಆ ಕೂಸಿನ ಮೈಯ ಕಾವು ನನ್ನ ಎಡಗೈಗೆ ಇವತ್ತಿಗೂ ಗೊತ್ತಿದೆ. ನನಗೆ ಬೇಕಾಗಿದ್ದು ಒಂದೇ. ಅವಳನ್ನು ಇಟ್ಟ ಜಾಗ ನೋಡಬೇಕು, ಸಾಯುವುದರೊಳಗೆ ಒಮ್ಮೆ ನೋಡಬೇಕು. ಪ್ರವಾಸದ ಸುದ್ದಿ ತಂದವರು ಇವರೇ. ಒಂದು ದಿನ ಪೇಪರಿನಿಂದ ಕಣ್ಣೆತ್ತದೆ, “ಟೊರಾಂಟೋದಿಂದ ಘಾನಾಕ್ಕ ಗ್ರೂಪ್ ಟೂರ್ ಅದ. ಹೋಗೂಣೇನು?” ಎಂದರು. ನಾನೂ ಕುಕ್ಕರಿನಿಂದ ಕಣ್ಣೆತ್ತದೆ, “ಹೋಗೂಣಲ್ಲ, ಅದಕ್ಕೇನು,” ಎಂದೆ. ಸಾಲ್ಟ್‌ಪಾಂಡ್ ಎಂಬ ಶಬ್ದ ಇಬ್ಬರ ಬಾಯಿಂದಲೂ ಬರಲಿಲ್ಲ. ವೀಸಾ ಆಯಿತು, ಹಳದಿ ಜ್ವರದ ಚುಚ್ಚುಮದ್ದು ಆಯಿತು, ಮಲೇರಿಯಾ ಗುಳಿಗೆ ತಂದದ್ದಾಯಿತು. ಆಗಲೂ ಬರಲಿಲ್ಲ.

ಟೊರಾಂಟೋದಿಂದ ಘಾನಾದ ರಾಜಧಾನಿ ಅಕ್ರಾಕ್ಕೆ ನೇರ ವಿಮಾನ ಇಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ಇಳಿದು ಬದಲಾಯಿಸಬೇಕು. ಒಬ್ಬರಿಗೆ ಎರಡು ಸಾವಿರ ಡಾಲರಿನ ಮೇಲೆ ಟಿಕೆಟ್ಟು, ಎರಡೂ ಹಾರಾಟ ಕೂಡಿ ಹದಿನಾಲ್ಕು ತಾಸು. ನಡುವಿನ ನಿಲ್ದಾಣದಲ್ಲಿ ನಾನು ಕಟ್ಟಿ ತಂದಿದ್ದ ಹಚ್ಚಿದ ಅವಲಕ್ಕಿ ತಿಂದೆವು. ಅಕ್ರಾದಲ್ಲಿ ಇಳಿದು ವಿಮಾನದ ಬಾಗಿಲಿಗೆ ಬಂದ ಕೂಡಲೇ ಆ ಬಿಸಿ ಗಾಳಿ, ಸೌದೆ ಹೊಗೆ ಮತ್ತು ಸಮುದ್ರ ಕೂಡಿದ ಆ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕಾಲು ಅಲ್ಲೇ ನಿಂತವು. ಹಿಂದಿನವರು ಮೆಲ್ಲಗೆ ದೂಡಿದ ಮೇಲೆ ಮೆಟ್ಟಿಲು ಇಳಿದೆ. ಇವರು ನನ್ನ ಕೈಚೀಲ ಇಸಿದುಕೊಂಡರು. ಯಾವತ್ತೂ ಇಸಿದುಕೊಳ್ಳುವವರಲ್ಲ.

ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ. ನಮ್ಮಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಜಮೈಕಾ, ಟ್ರಿನಿಡಾಡ್ ಮೂಲದ ಕೆನಡಾದವರು. ಗುಲಾಮಗಿರಿಯ ಕಾಲದಲ್ಲಿ ತಮ್ಮ ಹಿರಿಯರನ್ನು ಹಡಗಿಗೆ ಹತ್ತಿಸಿದ ದಂಡೆಯನ್ನು ನೋಡಲು ಬಂದವರು. ಅವರಲ್ಲಿ ಬೆವರ್ಲಿ ಎಂಬಾಕೆ ಟೊರಾಂಟೋ ಪಕ್ಕದ ಮಾಲ್ಟನ್‌ನಿಂದ ಬಂದ ನಿವೃತ್ತ ನರ್ಸು, ನನ್ನದೇ ವಯಸ್ಸು. ಮೊದಲ ದಿನವೇ ನನ್ನ ಪಕ್ಕ ಕೂತು, ಮಾಲ್ಟನ್‌ನ ಪಂಜಾಬಿ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ “ಠೀಕ್ ಹೈ, ದೀದಿ?” ಎಂದು ನನ್ನನ್ನು ನಗಿಸಿದರು. ನಮ್ಮ ಗೈಡು ಕೋಜೋ, ನಲವತ್ತರ ಆಸುಪಾಸಿನವನು, ಬಿಳಿ ಅಂಗಿ, ದೊಡ್ಡ ದನಿ. ಇವರೆಲ್ಲರೊಡನೆ ನಮ್ಮ ಮಾತು ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಕ್ರಾದಲ್ಲಿ ಎರಡು ದಿನ ಇದ್ದೆವು. ಮೂವತ್ತೆರಡು ಡಿಗ್ರಿ ಬಿಸಿಲು, ಸಹಾರಾದಿಂದ ಬರುವ ಒಣ ಗಾಳಿಯ ಕಾಲವಾದ್ದರಿಂದ ಆಕಾಶವೆಲ್ಲ ಮಣ್ಣು ಬಣ್ಣ. ನಾವಿದ್ದಾಗ ದನ ಮೇಯುತ್ತಿದ್ದ ಬಯಲುಗಳಲ್ಲಿ ಈಗ ಗಾಜಿನ ಕಟ್ಟಡಗಳು ನಿಂತಿವೆ. ನಮ್ಮ ಹೊಟ್ಟೆಗೆ ಆಧಾರವಾದದ್ದು ‘ರೆಡ್ ರೆಡ್’ ಎಂಬ ಅಲಸಂದಿಯ ಪಲ್ಯ, ಜೊತೆಗೆ ಹುರಿದ ಬಾಳೆಹಣ್ಣು. ಮೀನು ಹಾಕಬೇಡಿ ಎಂದು ಮೂರು ಸಲ ಹೇಳಿದರೆ ಎರಡು ಸಲ ಹಾಕುವುದಿಲ್ಲ. ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟ ಬಾಳೆಕಾಯಿಯನ್ನು ಹುರಿದ ಶೇಂಗಾದ ಜೊತೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ಬಸುರಿಯಾಗಿದ್ದಾಗ ನಾನು ದಿನವೂ ತಿಂದದ್ದು ಅದನ್ನೇ. ಇವರು ಕೇಳದೆಯೇ ಎರಡು ಪೊಟ್ಟಣ ತಂದು ಒಂದನ್ನು ನನ್ನ ಕೈಗಿಟ್ಟರು. ನಾನು ತಿಂದೆ, ಇವರು ಬೇರೆ ಕಡೆ ನೋಡುತ್ತ ತಿಂದರು.

ಮೂರನೆಯ ದಿನ ಬೆಳಿಗ್ಗೆ ಕೇಪ್ ಕೋಸ್ಟ್ ಊರಿಗೆ ಬಸ್ಸು ಹೊರಟಿತು. ಸುಮಾರು ನೂರೈವತ್ತು ಕಿಲೋಮೀಟರು, ಎಡಗಡೆ ಆಗಾಗ ಸಮುದ್ರ. ಅಕ್ರಾ ದಾಟುವುದಕ್ಕೇ ಒಂದೂವರೆ ತಾಸು ಹಿಡಿಯಿತು. ಕೇಪ್ ಕೋಸ್ಟಿಗಿಂತ ಮೊದಲು ಮಂಕೆಸಿಮ್ ಎಂಬ ಸಂತೆಯ ಊರು ಬರುತ್ತದೆ. ಅದಾದ ಮೇಲೆ ಬರುವುದೇ ಸಾಲ್ಟ್‌ಪಾಂಡ್. ಮಂಕೆಸಿಮ್ ಬಂತು, ಬುಟ್ಟಿ ಹೊತ್ತ ಹೆಂಗಸರು, ಟೊಮೆಟೊ ಗುಡ್ಡೆಗಳು, ಬಸ್ಸಿನ ಪಕ್ಕ ಓಡುತ್ತ ಪ್ಲಾಸ್ಟಿಕ್ ಪೊಟ್ಟಣದ ನೀರು ಮಾರುವವರು. ಆಮೇಲೆ ಹಸಿರು ಬೋರ್ಡು ಕಂಡಿತು, ಅದರ ಮೇಲೆ ನಮ್ಮ ಊರಿನ ಹೆಸರು. ಕೋಜೋ ಮೈಕಿನಲ್ಲಿ ಕೇಪ್ ಕೋಸ್ಟಿನ ಹೊಟೇಲಿನ ಈಜುಕೊಳ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಿದ್ದ.

ಇವರ ಕಡೆ ತಿರುಗಿದೆ. ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಆನಿಸಿದ್ದರು. ಇವರಿಗೆ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ, ಜನ್ಮದಲ್ಲಿ ಬಂದಿಲ್ಲ. ಕಣ್ಣ ರೆಪ್ಪೆ ಅದುರುತ್ತಿತ್ತು. ಬಸ್ಸು ಗುಡ್ಡ ಹತ್ತಿ ಇಳಿಯಿತು, ಎಡಕ್ಕೆ ಒಂದು ಕ್ಷಣ ತೆಂಗು ಮತ್ತು ತುಕ್ಕು ಹಿಡಿದ ತಗಡಿನ ಮಾಡುಗಳು ಕಂಡವು, ದಾಟಿ ಹೋದವು. ಒಂದೇ ಒಂದು ಮಾತು ಆಡಬಾರದೇ ಈ ಮನುಷ್ಯ ಎಂದು ನನಗೆ ಅಳುವೂ ಬಂತು, ಸಿಟ್ಟೂ ಬಂತು. ಬಸ್ಸು ನಿಲ್ಲಿಸಿ ಎಂದು ನಾನೇ ಕೂಗಬಹುದಿತ್ತಲ್ಲ ಎಂದು ಈಗ ನೀವು ಕೇಳಬಹುದು. ನಿಲ್ಲಿಸಿ ಎಲ್ಲಿಗೆ ಹೋಗಲಿ? ಜಾಗ ಗೊತ್ತಿದ್ದದ್ದು ಇವರಿಗೆ ಮಾತ್ರ. ಕಿಟಕಿಗೆ ಹಣೆ ಹಚ್ಚಿ ಕೂತೆ, ಬೆವರ್ಲಿ ಹಿಂದಿನಿಂದ ಪೆಪ್ಪರ್‌ಮಿಂಟು ಕೊಟ್ಟರು.

ಮರುದಿನ ಕೇಪ್ ಕೋಸ್ಟಿನ ಕೋಟೆ ನೋಡಿದೆವು. ಸುಣ್ಣ ಬಳಿದ ದೊಡ್ಡ ಗೋಡೆಗಳು, ಸಮುದ್ರದ ಕಡೆಗೆ ಮುಖ ಮಾಡಿದ ಫಿರಂಗಿಗಳು. ಕೆಳಗೆ ನೆಲಮಾಳಿಗೆಗಳು. ಕಿಟಕಿ ಎಂದು ಹೇಳಲು ಗೋಡೆಯ ತುದಿಯಲ್ಲಿ ಒಂದು ತೂತು. ಅಲ್ಲಿ ನೂರಾರು ಜನರನ್ನು ತಿಂಗಳುಗಟ್ಟಲೆ ಕೂಡಿ ಹಾಕುತ್ತಿದ್ದರು ಎಂದು ಅಲ್ಲಿಯ ಮಾರ್ಗದರ್ಶಿ ಹೇಳಿದ. ಕಡೆಗೆ ಒಂದು ಇಕ್ಕಟ್ಟಾದ ಬಾಗಿಲು ಬರುತ್ತದೆ. ಅದನ್ನು ದಾಟಿಸಿ ಹಡಗಿಗೆ ಹತ್ತಿಸುತ್ತಿದ್ದರು. ಹೋದವರು ತಿರುಗಿ ಬಂದದ್ದಿಲ್ಲ. ಈಗ ಅದರಾಚೆ ಮೀನುಗಾರರ ಬಣ್ಣದ ದೋಣಿಗಳು, ಬಲೆ ಹೆಣೆಯುವವರು, ರೇಡಿಯೋದ ಹಾಡು.

ಬೆವರ್ಲಿ ಆ ಬಾಗಿಲ ಚೌಕಟ್ಟಿಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದರು. ಉಳಿದವರು ಮುಂದೆ ಹೋದರು, ನಾವಿಬ್ಬರೂ ಅವರಿಗಾಗಿ ಕಾದೆವು. ತಿರುಗಿ ನಮ್ಮನ್ನು ನೋಡಿ ಅವರೆಂದರು, “ನಮ್ಮ ಹಿರಿಯಳೊಬ್ಬಳು ಇಲ್ಲಿಂದ ಹೋಗಿರಬೇಕು, ಅಥವಾ ಇಂಥದೇ ಇನ್ನೊಂದು ಬಾಗಿಲಿಂದ. ಇಲ್ಲಿ ನಿಂತು ಒಮ್ಮೆ ಅವಳನ್ನು ಕರೆಯೋಣ ಅಂತ ಅಷ್ಟು ದೂರದಿಂದ ಬಂದೆ. ಈಗ ನಿಂತಿದ್ದೀನಿ. ಏನಂತ ಕರೀಲಿ? ಹೆಸರೇ ಯಾರೂ ಹೇಳಲಿಲ್ಲವಲ್ಲ.” ನಾನು ಅವರ ಕೈ ಹಿಡಿದೆ. ಅವರ ದುಃಖದ ಪಕ್ಕ ನಮ್ಮದನ್ನು ಇಟ್ಟು ತೂಗುವ ಧೈರ್ಯ ನನಗಿಲ್ಲ, ಆಗಲೂ ಇರಲಿಲ್ಲ. ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಅವತ್ತು ಮಧ್ಯಾಹ್ನದ ಊಟವನ್ನು ಇವರು ಮುಟ್ಟಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದರು.

ಮಾರನೆಯ ದಿನ ಗುಂಪೆಲ್ಲ ಕಾಡಿನ ತೂಗುಸೇತುವೆ ನೋಡಲು ಹೋಗಬೇಕಿತ್ತು. ನಾನು ತಿಂಡಿಗೆ ಬಂದು ಬ್ರೆಡ್ಡಿಗೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದೆ. ಇವರು ಎದುರಿಗೆ ಕೂತರು. ಬೂಟು ಹಾಕಿಕೊಂಡು, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟುಕೊಂಡು ಬಂದಿದ್ದರು.

“ಇವತ್ತ ನಾವು ಬಸ್ಸಿಗೆ ಹೋಗೂದು ಬ್ಯಾಡ,” ಎಂದರು.

“ಮತ್ತ?”

“ಸಾಲ್ಟ್‌ಪಾಂಡಿಗೆ ಹೋಗಿ ಬರೂಣು. ನೀ ಬರ್ತಿಯಲ್ಲ?”

ಬರ್ತಿಯಲ್ಲ ಅಂತೆ! ನನ್ನ ಬಾಯಲ್ಲಿದ್ದ ತುತ್ತು ಒಳಗೆ ಹೋಗಲಿಲ್ಲ, ಹೊರಗೆ ಬರಲಿಲ್ಲ. ತಲೆ ಆಡಿಸಿದೆ. ಸೀರೆ ಉಟ್ಟುಕೊಂಡು ಬರ್ತೀನಿ, ಐದು ನಿಮಿಷ ತಡೀರಿ ಎಂದು ಕೋಣೆಗೆ ಓಡಿದೆ. ಪ್ರವಾಸಕ್ಕೆಂದು ಪ್ಯಾಂಟು ಟೀ ಶರ್ಟು ತಂದಿದ್ದೆನಾದರೂ ಚೀಲದ ತಳದಲ್ಲಿ ಒಂದು ಇಳಕಲ್ ಸೀರೆ ಇತ್ತು. ಯಾಕೆ ತಂದೆ ಎಂದು ನನಗೆ ಗೊತ್ತಿತ್ತು.

ಗುಂಪು ಬಿಟ್ಟು ಹೋಗಬಾರದು ಎಂದು ಕೋಜೋ ಮೊದಲು ತಕರಾರು ತೆಗೆದ. ನಾವು ಅಲ್ಲಿ ಮೂರು ವರ್ಷ ಇದ್ದವರು ಎಂದಾಗ ಕಣ್ಣರಳಿಸಿ ತಾನೇ ಒಂದು ಟ್ಯಾಕ್ಸಿ ಗೊತ್ತು ಮಾಡಿಕೊಟ್ಟ. ಹೋಗಿ ಕಾದು ಕರೆತರುವುದಕ್ಕೆ ಕೆನಡಾದ ನಲವತ್ತು ಡಾಲರಿನಷ್ಟು. ಸಮುದ್ರದ ಪಕ್ಕದ ಆ ದಾರಿ ಅರ್ಧ ತಾಸಿನದು. ಇವರು ಮುಂದೆ ಕೂತು ಡ್ರೈವರನಿಗೆ ದಾರಿ ಹೇಳಲು ಹೋಗಿ ಎರಡು ಸಲ ತಪ್ಪು ಹೇಳಿದರು. ನೆನಪಿನ ತೆಂಗಿನ ತೋಪು ಅಲ್ಲಿರಲಿಲ್ಲ. ರೋಗ ಬಂದು ದಂಡೆಯ ತೆಂಗೆಲ್ಲ ಸತ್ತವು, ಈಗಿನವು ಹೊಸ ಗಿಡಗಳು ಎಂದು ಡ್ರೈವರ್ ಹೇಳಿದ. “ತೆಂಗಿನ ಗುರುತೇ ಇಟ್ಕೊಂಡಿದ್ದೆ,” ಎಂದು ಇವರು ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು. ಜಾಗ ಸಿಗದೇ ಹೋದರೆ ಎಂಬ ಹೆದರಿಕೆ ಆಗ ನನಗೂ ಹೊಕ್ಕಿತು.

ನಾವಿದ್ದ ಮಾಸ್ತರರ ಮನೆ ಈಗಿಲ್ಲ, ಅಲ್ಲಿ ಶಾಲೆಯ ಕಂಪ್ಯೂಟರ್ ಕೋಣೆ ಕಟ್ಟಿದ್ದಾರೆ. ಆದರೆ ಪಕ್ಕದ ಆಂಟಿ ಎಸಿಯ ಮನೆ ಹಾಗೇ ಇತ್ತು. ಆಂಟಿ ಎಸಿ ಮಂಕೆಸಿಮ್ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದವರು, ಜೋರು ಹೆಂಗಸು. ನನಗೆ ಬಾಣಂತನ ಮಾಡಿದ್ದೂ ಅವರೇ. ಅಂಗಳದಲ್ಲಿ ಕನ್ನಡಕ ಹಾಕಿಕೊಂಡು ಕಾಗದ ತಿದ್ದುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ, ನನ್ನ ಸೀರೆ ನೋಡಿ, ಇವರನ್ನು ನೋಡಿ, ಎದ್ದು ನಿಂತು ಎರಡೂ ಕೈ ತಲೆ ಮೇಲಿಟ್ಟುಕೊಂಡಳು. “ಮಿಸ್ಟರ್ ಸ್ರೀನಿ!” ಎಂದು ಕೂಗಿದಳು. ಆಂಟಿಯ ಮಗಳು ಅರಬಾ. ಆಗ ಎರಡು ಜಡೆಯ ಶಾಲೆ ಹುಡುಗಿ, ಕೂಸಿಗೆ ನೀರೆರೆಯುವಾಗ ಚೊಂಬು ಹಿಡಿಯುತ್ತಿದ್ದವಳು. ಈಗ ತಾನೇ ಟೀಚರು, ರಿಟೈರ್ ಆಗುವ ಹೊತ್ತು. ಆಂಟಿ ತೀರಿಕೊಂಡು ಹತ್ತು ವರ್ಷವಾಯಿತಂತೆ. ಅರಬಾ ನನ್ನನ್ನು ತಬ್ಬಿಕೊಂಡಳು, ಇಬ್ಬರೂ ಅತ್ತೆವು, ನಕ್ಕೆವು.

ಆ ಕಡೆ ಒಂದು ಪದ್ಧತಿ ಇದೆ. ಮನೆಗೆ ಬಂದವರನ್ನು ಕೂಡಿಸಿ ಮೊದಲು ಕುಡಿಯಲು ನೀರು ಕೊಡುತ್ತಾರೆ. ನಮ್ಮ ಧಾರವಾಡದ ಕಡೆ ಇದ್ದ ಹಾಗೇ. ಆದರೆ ನೀರು ಕುಡಿದ ಮೇಲೆ ಮನೆಯವರು ಗಂಭೀರವಾಗಿ ಕೂತು, ಇಲ್ಲೆಲ್ಲ ಕ್ಷೇಮ, ನೀವು ಬಂದ ಕಾರಣ ಹೇಳಿ ಎಂದು ಕೇಳುತ್ತಾರೆ. ಗೊತ್ತಿದ್ದರೂ ಕೇಳುತ್ತಾರೆ. ಬಂದವರು ಬಾಯಿ ಬಿಟ್ಟು ಹೇಳಲೇಬೇಕು, ಹೇಳದೆ ಮಾತು ಮುಂದಕ್ಕೆ ಹೋಗುವುದಿಲ್ಲ. ನಮ್ಮಲ್ಲಾದರೆ ಸುಮ್ಮನೆ ಬಂದೆವು ಎಂದು ಹೇಳಿ, ಎರಡು ತಾಸು ಹರಟೆ ಹೊಡೆದು, ಏಳುವಾಗ ಹೊಸ್ತಿಲಲ್ಲಿ ನಿಂತು ನಿಜವಾದ ಕೆಲಸ ತೆಗೆಯುತ್ತೇವೆ. ಅರಬಾ ನೀರು ಕೊಟ್ಟಳು. ಕನ್ನಡಕ ತೆಗೆದಿಟ್ಟಳು. “ಇಲ್ಲೆಲ್ಲ ಕ್ಷೇಮ. ನೀವು ಬಂದ ಕಾರಣ ಏನು?” ಎಂದಳು.

ಇವರು ಲೋಟ ಕೆಳಗಿಟ್ಟರು. ಕೆಮ್ಮಿದರು. ಎಂದಿನಂತೆ ಮಾತು ಹಾರಿಸುತ್ತಾರೆ, ಘಾನಾ ನೋಡಲು ಬಂದ ಟೂರಿಸ್ಟು ಎನ್ನುತ್ತಾರೆ ಎಂದು ನಾನು ತಲೆ ತಗ್ಗಿಸಿ ಕೂತಿದ್ದೆ.

“ನಮ್ಮ ಮಗಳನ್ನು ನೋಡಲು ಬಂದಿದ್ದೇವೆ,” ಎಂದರು.

ನಮ್ಮ ಮಗಳು! ಈ ಎರಡು ಶಬ್ದವನ್ನು ಆ ಕೂಸಿನ ಬಗ್ಗೆ ಇವರ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಅರಬಾ ಆಶ್ಚರ್ಯ ಪಡಲಿಲ್ಲ. “ಅಮ್ಮ ಕಾಯುತ್ತಿದ್ದಳು ನಿಮಗೆ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು, ಒಂದು ಬಾಟಲಿ ನೀರು ತೆಗೆದುಕೊಂಡಳು.

ಶಾಲೆಯ ಹಿಂದಿನ ಇಳಿಜಾರಿನಲ್ಲಿ ನಡೆದೆವು. ಇವರಿಗೆ ಏದುಸಿರು, ನಡುವೆ ಎರಡು ಕಡೆ ನಿಲ್ಲಬೇಕಾಯಿತು. ಸಮುದ್ರ ಕಾಣುವ ಕಡೆ ಹಳೆಯ ಹೂಳುವ ಜಾಗ. ಸಾಲಾಗಿ ಸಿಮೆಂಟಿನ ಗೋರಿಗಳು, ಕೆಲವಕ್ಕೆ ನೀಲಿ ಬಣ್ಣ, ಕೆಲವಕ್ಕೆ ಟೈಲ್ಸು. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಅಂಗಳವಿತ್ತು, ಒಳಗೆ ಐದಾರು ಗೋರಿ. ಇದು ನಮ್ಮ ಅಮ್ಮನ ಮನೆತನದ ಜಾಗ ಎಂದಳು ಅರಬಾ. ಆಂಟಿ ಎಸಿಯ ಗೋರಿ ತೋರಿಸಿದಳು. ಅದರ ಎಡಕ್ಕೆ ಕಲ್ಲಿಲ್ಲದ, ಸುತ್ತ ಬಿಳಿ ಚಿಪ್ಪು ಜೋಡಿಸಿದ, ಮೊಳದುದ್ದದ ಜಾಗ. ಹುಲ್ಲು ಕಿತ್ತು ಚೊಕ್ಕ ಮಾಡಿದ್ದರು. “ಪರದೇಶದವರ ಕೂಸು ಅಂತ ಆಚೆ ಎಲ್ಲೋ ಹೂಳಲು ಅಮ್ಮ ಬಿಡಲಿಲ್ಲ. ತಾನು ಸತ್ತಾಗ ಅದರ ಪಕ್ಕದಲ್ಲೇ ಇಡಿ ಎಂದು ಹೇಳಿದ್ದಳು,” ಎಂದಳು.

ನಾನು ಕೂತುಬಿಟ್ಟೆ. ಒಬ್ಬಳೇ ಎಲ್ಲೋ ಮರಳಲ್ಲಿ ಮಲಗಿದ್ದಾಳೆ ಎಂದು ಇಷ್ಟು ವರ್ಷ ನನ್ನ ಕರುಳು ಹಿಂಡುತ್ತಿತ್ತು. ಹಿಮ ಬಿದ್ದಾಗಲೆಲ್ಲ, ಅಲ್ಲಿ ಹಿಮ ಬೀಳುವುದಿಲ್ಲ ಎಂದು ಗೊತ್ತಿದ್ದೂ, ಅವಳಿಗೆ ಚಳಿಯಾಗುತ್ತದೆ ಎಂದು ಹಾಸಿಗೆಯಲ್ಲಿ ಎದ್ದು ಕೂತಿದ್ದೇನೆ. ಇಲ್ಲಿ ಅವಳ ಪಕ್ಕ ಅಜ್ಜಿ ಮಲಗಿದ್ದರು. ಚಿಪ್ಪುಗಳನ್ನು ಒಂದೊಂದಾಗಿ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿದ್ದವು.

ಅರಬಾ ಬಾಟಲಿಯ ನೀರನ್ನು ನನ್ನ ಕೈಗೆ ಕೊಟ್ಟು, “ನೆಲಕ್ಕೆ ಸ್ವಲ್ಪ ಸ್ವಲ್ಪ ಎರೆಯಿರಿ. ಹೆಸರು ಹಿಡಿದು ಕರೆದು, ನಾನು ಬಂದೆ ಅಂತ ಹೇಳಿ,” ಎಂದಳು.

ಬಾಟಲಿಯ ಮುಚ್ಚಳ ತಿರುಗಿಸಿದೆ. ಏನಂತ ಕರೆಯಲಿ? ಆ ಊರಲ್ಲಿ ಎಂಟನೆಯ ದಿನ ಬೆಳಿಗ್ಗೆ ಕೂಸನ್ನು ಮೊದಲ ಸಲ ಮನೆಯ ಹೊರಗೆ ತಂದು ಹೆಸರಿಡುತ್ತಾರೆ. ಎಂಟು ದಿನ ಉಳಿದರೆ ಅದು ಇಲ್ಲಿಗೆ ಬಂದ ಜೀವ ಎಂದು ಲೆಕ್ಕ. ಎಂಟನೆಯ ದಿನ ಆಂಟಿ ಎಸಿ ಬಂದು, ಇವತ್ತು ಹೆಸರಿಡೋಣ ಎಂದಿದ್ದರು. ನಮ್ಮಲ್ಲಿ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿದಾಗಲೇ ಹೆಸರು, ಅಲ್ಲಿಯ ತನಕ ಮನಸ್ಸಿನಲ್ಲೂ ಕರೆಯಬಾರದು ಎಂದು ನಾನು ಜಂಬದಿಂದ ಹೇಳಿ ಕಳಿಸಿದ್ದೆ. ಆಗ ಊರಲ್ಲಿ ಸಕ್ಕರೆ ಸಿಗುತ್ತಿರಲಿಲ್ಲ. ಪಾಯಸಕ್ಕೆಂದು ಚಮಚ ಚಮಚ ಕೂಡಿಸಿ ಒಂದು ಡಬ್ಬಿ ಸಕ್ಕರೆ ಇಟ್ಟಿದ್ದೆ. ಒಂಬತ್ತನೆಯ ದಿನ ಅವಳು ಹೋದಳು. ಅವರ ಪದ್ಧತಿಗೆ ಮನುಷ್ಯಳಾಗಿ, ನಮ್ಮ ಪದ್ಧತಿಗೆ ಏನೂ ಆಗದೆ.

“ಅವಳಿಗೆ ಹೆಸರಿಲ್ಲ ಅರಬಾ,” ಎಂದೆ.

ಹಿಂದಿನಿಂದ ಇವರು, “ಅದ,” ಎಂದರು. ಟೋಪಿ ಕೈಯಲ್ಲಿತ್ತು. “ಎಫುವಾ.”

ನಾನು ತಿರುಗಿ ನೋಡಿದೆ.

“ಹೂಳೂ ಮುಂದ ಇಲ್ಲಿಯ ಹಿರಿಯರು ಹೆಸರು ಕೇಳಿದ್ರು. ಇಲ್ಲ ಅಂದೆ. ಎಸಿ ನನ್ನ ಮ್ಯಾಲೆ ಹರಿಹಾಯ್ದಳು. ಎಂಟು ದಿನ ದಾಟಿದಾಕಿ, ಕರೀದೆ ಹ್ಯಾಂಗ ಮಣ್ಣಿಗಿಡ್ತಿ, ಶುಕ್ರವಾರ ಹುಟ್ಟಿದ ಹೆಣ್ಣು ಎಫುವಾ ಅಲ್ಲದ ಮತ್ತೇನು ಅಂದ್ಲು. ತನ್ನ ಗಂಟಿನಾಗಿಂದ ಹೊಸಾ ಬಿಳೀ ಅರಿವಿ ಹರಿದು ಸುತ್ತಿದ್ಲು. ಬಗ್ಗಿ ಕಿವ್ಯಾಗ ಮೂರು ಸರ್ತಿ ಕರದ್ಲು.”

ಆ ಕಡೆ ವಾರದ ಮೇಲೆ ಹೆಸರು ಬರುತ್ತದೆ, ಹುಟ್ಟಿದ ಗಳಿಗೆಗೇ ಬಂದುಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಸಿ ಎಂದರೆ ಆದಿತ್ಯವಾರದವಳು, ಅರಬಾ ಮಂಗಳವಾರದವಳು. ಅದು ಅವರ ಮಕ್ಕಳಿಗೆ ಎಂದುಕೊಂಡಿದ್ದೆ. ಶುಕ್ರವಾರ ಹೆಣ್ಣು ಹುಟ್ಟಿತು, ಲಕ್ಷ್ಮಿ ಬಂದಳು ಎಂದು ನಾನೇ ಹಿಗ್ಗಿದ್ದೆ. ಆ ವಾರ ನನ್ನ ಮಗಳಿಗೂ ಒಂದು ಹೆಸರು ಕೊಟ್ಟು ಹೋಗಿತ್ತು ಎಂದು ಹೊಳೆದಿರಲಿಲ್ಲ.

“ಮತ್ತ ನನಗ್ಯಾಕ ಹೇಳ್ಲಿಲ್ಲ?” ಎಂದು ಕೇಳಿದೆ.

“ಹೆಸರಿಲ್ಲಂದ್ರ ನಿನಗ ಮರೀಲಿಕ್ಕೆ ಹಗೂರ ಆಗ್ತದ ಅಂದ್ಕೊಂಡೆ ಸುಧಾ. ನಿನಗ ಹೇಳಬ್ಯಾಡ ಅಂತ ಎಸಿಗೂ ಕೈ ಮುಗಿದಿದ್ದೆ.”

“ನಿಮಗ ಮರೀತೇನು?”

ಇವರು ಟೋಪಿಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿದ್ದವು. ಐವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವಳ ಹೆಸರನ್ನು ಒಬ್ಬರೇ ಇಟ್ಟುಕೊಂಡು ನನ್ನನ್ನು ಬರಿಗೈಯಲ್ಲಿ ಕೂಡಿಸಿದರಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಕೈ ಚಾಚಿ ಪಕ್ಕಕ್ಕೆ ಕೂಡಿಸಿಕೊಂಡೆ. ಇಬ್ಬರೂ ಕೂಡಿ ನೀರು ಎರೆದೆವು. ನಾನು ಬಗ್ಗಿ, ನೆಲಕ್ಕೆ ಬಾಯಿ ಹತ್ತಿರ ತಂದು, “ಎಫುವಾ, ನಿನ್ನವ್ವ ಬಂದೀನಿ,” ಎಂದೆ. ಅರಬಾ ದೂರ ಹೋಗಿ ನಿಂತಿದ್ದಳು.

ಬಹಳ ಹೊತ್ತು ಅಲ್ಲೇ ಇದ್ದೆವು. ಮಧ್ಯಾಹ್ನ ಅರಬಾ ಕಲಸಿದ ಮೆಕ್ಕೆಜೋಳದ ಕಡುಬು ಮತ್ತು ಮೀನು ಹಾಕದ ಶೇಂಗಾ ಸಾರು ಬಡಿಸಿದಳು. ಇವರು ಎರಡು ಸಲ ಹಾಕಿಸಿಕೊಂಡು ಉಂಡರು. ಹೊರಡುವಾಗ ಅರಬಾಳ ಕೈ ಹಿಡಿದು, ಚಿಪ್ಪು ಹಾಗೇ ಇರಲಿ, ಕಲ್ಲು ಹಾಕಿಸಬೇಡ ಎಂದೆ. ಹಬ್ಬಕ್ಕೊಮ್ಮೆ ಹುಲ್ಲು ಕೀಳುವುದು ನನ್ನ ಕೆಲಸ, ಅದನ್ನು ಯಾರಿಗೂ ಬಿಡುವುದಿಲ್ಲ ಎಂದಳು. ಟ್ಯಾಕ್ಸಿ ತಿರುವು ದಾಟುವ ತನಕ ರಸ್ತೆಯಲ್ಲಿ ನಿಂತು ಕೈ ಬೀಸಿದಳು.

ಉಳಿದ ವಾರ ಪ್ರವಾಸ ಮುಂದುವರಿಯಿತು. ಕುಮಾಸಿಯ ದೊಡ್ಡ ಮಾರುಕಟ್ಟೆ ನೋಡಿದೆವು, ಮಗ್ಗದ ಬಟ್ಟೆ ಕೊಂಡೆವು, ಬೆವರ್ಲಿಗೆ ಒಂದು ದಿನ ಜ್ವರ ಬಂದು ನನ್ನ ಶುಂಠಿ ಕಷಾಯ ಕುಡಿದರು. ಅವರಿಗೆ ಎಲ್ಲವನ್ನೂ ಹೇಳಿದೆ. ಕೇಪ್ ಕೋಸ್ಟಿನಲ್ಲಿ ಇದ್ದಷ್ಟು ದಿನ ಬೀದಿಯಲ್ಲಿ ಯಾರಾದರೂ “ಎಫುವಾ!” ಎಂದು ಕೂಗಿದರೆ ನಾನು ತಿರುಗಿ ನೋಡುತ್ತಿದ್ದೆ. ಮೀನಿನ ಬುಟ್ಟಿಯ ಎಫುವಾ, ಬ್ಯಾಂಕಿನ ಸಮವಸ್ತ್ರದ ಎಫುವಾ, ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ನಲವತ್ತೈದರ ಎಫುವಾ. ಇದ್ದಿದ್ದರೆ ಹೀಗಿರುತ್ತಿದ್ದಳು ಎಂದು ಆಕೆಯನ್ನು ಬೀದಿಯ ತುದಿಯ ತನಕ ನೋಡಿದೆ. ಎಷ್ಟು ನೋಡಿದರೂ ಸಾಲದು.

ಟೊರಾಂಟೋದಲ್ಲಿ ಇಳಿದಾಗ ಸಂಜೆಯ ನಾಲ್ಕು, ಹಿಮ ಉದುರುತ್ತಿತ್ತು. ನಂದಿನಿ ಕಾರು ತಂದಿದ್ದಳು. ಇವರು ಮುಂದೆ, ನಾನು ಹಿಂದೆ. “ಸೋ, ಹೌ ವಾಸ್ ಇಟ್? ಎನಿ ಲಯನ್ಸ್?” ಎಂದು ನಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಇವರು, “ನಂದೂ, ಗಾಡಿ ಎಲ್ಲೆರ ಸೈಡಿಗೆ ನಿಲ್ಲಸ್ತಿಯೇನು?” ಎಂದರು. ಹೆದ್ದಾರಿಯಲ್ಲಿ ಹಾಗೆಲ್ಲ ನಿಲ್ಲಿಸಲು ಆಗುವುದಿಲ್ಲ. ಅವಳು ಗಾಬರಿಯಾಗಿ, “ಅಪ್ಪಾ, ಇಸ್ ಇಟ್ ಯುವರ್ ಚೆಸ್ಟ್?” ಎನ್ನುತ್ತ ಮುಂದಿನ ಎಕ್ಸಿಟ್ಟಿನಲ್ಲಿ ಇಳಿಸಿ ಒಂದು ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದಳು.

“ಎದಿಗೆ ಏನೂ ಆಗಿಲ್ಲ,” ಎಂದರು ಇವರು. “ನಿನಗೊಬ್ಬಾಕಿ ಅಕ್ಕ ಇದ್ಲು. ಆಕೀನ ನೋಡಿ ಬಂದ್ವಿ.”

ನಿಧಾನವಾಗಿ ಎಲ್ಲವನ್ನೂ ಅವಳಿಗೆ ಹೇಳಿದರು. ಅರ್ಧಕ್ಕೆ ದನಿ ನಿಂತಾಗ ಉಳಿದದ್ದನ್ನು ನಾನು ಹೇಳಿದೆ. ವೈಪರ್ ಆಡುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ. ತಾನೇ ಹಿರಿಯಳು, ಒಬ್ಬಳೇ ಮಗಳು ಎಂದುಕೊಂಡು ಬೆಳೆದವಳು ನಂದಿನಿ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಎದುರಿನ ಗಾಜನ್ನೇ ನೋಡುತ್ತಿದ್ದಳು. ಕಡೆಗೆ, “ವಾಟ್ಸ್ ಹರ್ ನೇಮ್?” ಎಂದಳು.

ಇವರು ಹಿಂದೆ ತಿರುಗಿ ನನ್ನ ಕಡೆ ನೋಡಿದರು. “ನೀ ಹೇಳು,” ಎಂದರು.

“ಎಫುವಾ,” ಎಂದೆ.

ನಂದಿನಿ ಮೆಲ್ಲಗೆ ಅಂದು ನೋಡಿದಳು, ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿಕೊಟ್ಟೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಕಣ್ಣೊರೆಸಿಕೊಂಡು, “ಎಫುವಕ್ಕ,” ಎಂದಳು.